ಕೈ ನೋವು ಅಂದರೆ ಸಾಲದು

(ನಾರಾಯಣಪೇಟೆ, ಮಕ್ತಲ್ ಮತ್ತು ಗದ್ವಾಲದ ಕಲಿಕಾ ಕೇಂದ್ರಗಳಲ್ಲಿ ಆಡಿದ ಮಾತು)



ನೀವೀಗ ಓದಲು ಕಲಿತಿದ್ದೀರಿ. ನಿಮ್ಮ ಹೆಸರು ಬರೆಯುತ್ತೀರಿ. ಬಸ್ಸಿನ ಬೋರ್ಡು ಓದುತ್ತೀರಿ. ರೇಷನ್ ಕಾರ್ಡಿನ ಅಂಕಿ ಓದುತ್ತೀರಿ. ಇವತ್ತು ಇನ್ನೊಂದು ಪಾಠ. ಇದಕ್ಕೆ ಪುಸ್ತಕ ಬೇಕಾಗಿಲ್ಲ, ನಿಮ್ಮ ಮೈ ಇದ್ದರೆ ಸಾಕು. ಮೈಯ ಕೀಲುಗಳು ಹೇಗೆ ಆಡುತ್ತವೆ, ಆ ಆಟಕ್ಕೆ ಏನು ಹೆಸರು, ಆ ಹೆಸರು ನಮಗೆ ಯಾಕೆ ಬೇಕು ಅನ್ನುವುದೇ ಇವತ್ತಿನ ಮಾತು.

ಮೊದಲು ನಮ್ಮ ಮನೆಯ ಕಥೆ ಹೇಳುತ್ತೇನೆ.

ಸಣ್ಣವ್ವನ ಭುಜ

ನಮ್ಮ ಸಣ್ಣವ್ವ ನಾರಾಯಣಪೇಟೆಯಲ್ಲಿ ಇದ್ದಾಳೆ. ಮನೆಯಲ್ಲಿ ಕುಣಿ ಮಗ್ಗ ಇದೆ. ಕಕ್ಕ ಸೀರೆ ನೇಯುತ್ತಾರೆ. ಸಣ್ಣವ್ವ ರಾಟೆ ತಿರುಗಿಸಿ ಕಂಡಿಕೆ ಸುತ್ತುತ್ತಾಳೆ. ಕಂಡಿಕೆ ಇಲ್ಲದಿದ್ದರೆ ಲಾಳಿ ಓಡುವುದಿಲ್ಲ. ಲಾಳಿ ಓಡದಿದ್ದರೆ ಮಗ್ಗ ನಿಂತಂತೆ. ಅಂದರೆ ಮನೆಯ ದುಡಿಮೆಯ ಅರ್ಧ ಭಾರ ಸಣ್ಣವ್ವನ ಬಲಗೈ ಮೇಲೆ.

ಆಕೆಗೆ ಐವತ್ತು ವರ್ಷ ಆದಾಗ ಆ ಬಲಗೈ ನೋಯಲು ಶುರುವಾಯಿತು. ನಾನೇ ದವಾಖಾನೆಗೆ ಕರೆದುಕೊಂಡು ಹೋದೆ. ಬಹಳ ಜನ ಇದ್ದರು. ನಮ್ಮ ಸರದಿ ಬಂತು.

"ಏನಾಗ್ಯಾದವ್ವ?"

"ಕೈ ನೋಯ್ತದ್ರಿ."

"ಎಲ್ಲಿ ನೋಯ್ತದ?"

"ಎಲ್ಲಾ ಕಡಿ ನೋಯ್ತದ್ರಿ."

ಮಾತು ಅಲ್ಲಿಗೇ ಮುಗಿಯಿತು. ನೋವಿನ ಗುಳಿಗೆ ಬರೆದುಕೊಟ್ಟರು. ಗುಳಿಗೆ ತಿಂದಾಗ ನೋವು ಕಡಿಮೆ ಆಗುತ್ತಿತ್ತು. ಗುಳಿಗೆ ಮುಗಿದರೆ ಮತ್ತೆ ಬರುತ್ತಿತ್ತು. ನೋಯುತ್ತದೆ ಎಂದು ಸಣ್ಣವ್ವ ಕೈ ಆಡಿಸುವುದನ್ನೇ ಬಿಟ್ಟಳು. ಆರೇಳು ತಿಂಗಳಲ್ಲಿ ಆ ಕೈ ತಲೆಯ ತನಕ ಏಳದಾಯಿತು. ಹೆರಳು ಹಾಕಿಕೊಳ್ಳಲು ಬರಲಿಲ್ಲ. ಸೆರಗು ಹೆಗಲ ಮೇಲೆ ಹಾಕಿಕೊಳ್ಳಲು ಬರಲಿಲ್ಲ. ರಾಟೆ ಮೂಲೆ ಸೇರಿತು.

ಇದರಲ್ಲಿ ತಪ್ಪು ಯಾರದು? ಡಾಕ್ಟರರದೇ ಅನ್ನಲಾರೆ. ನಾನು ಪಕ್ಕದಲ್ಲೇ ನಿಂತಿದ್ದೆ. ನಾನು ಬಿ.ಎ. ಓದಿದವಳು. ನನಗೂ "ಕೈ ನೋವು" ಅನ್ನುವುದು ಬಿಟ್ಟು ಬೇರೆ ಮಾತು ಬರಲಿಲ್ಲ. ಕೈ ಅಂದರೆ ಭುಜದಿಂದ ಬೆರಳಿನ ತನಕ ಎಷ್ಟೊಂದು ಕೀಲು! ಯಾವ ಕೀಲು? ಅದು ಯಾವ ಕಡೆ ಆಡುತ್ತಿಲ್ಲ? ನಾವು ಹೇಳಲೇ ಇಲ್ಲ.

ಅದಕ್ಕೇ ಈ ಪಾಠ.

ಕೀಲು ಅಂದರೆ ಏನು?

ಬಂಡಿಗೆ ಕೀಲು ಇರುತ್ತದೆ. ಬಾಗಿಲಿಗೆ ಕೀಲು ಇರುತ್ತದೆ. ಮೈಗೂ ಕೀಲು ಇರುತ್ತದೆ. ಎರಡು ಎಲುಬು ಕೂಡುವ ಜಾಗಕ್ಕೆ ಕೀಲು ಅಂತ ಹೆಸರು. ದೊಡ್ಡವರ ಮೈಯಲ್ಲಿ 206 ಎಲುಬು ಇರುತ್ತವೆ. ಅವು ಒಂದಕ್ಕೊಂದು ಕೂಡಿದ ಕಡೆಯೆಲ್ಲ ಕೀಲು ಇದೆ.

ಚೆನ್ನಾಗಿ ಆಡುವ ಕೀಲನ್ನು ನೋಡಿ. ಎಲುಬಿನ ತುದಿಗೆ ನುಣ್ಣನೆಯ ಮೆತ್ತೆ ಇರುತ್ತದೆ. ಅದು ಎಲುಬಿಗೆ ಎಲುಬು ತಿಕ್ಕದಂತೆ ಕಾಯುತ್ತದೆ. ಕೀಲಿನ ಸುತ್ತ ಒಂದು ಚೀಲ ಇರುತ್ತದೆ. ಚೀಲದೊಳಗೆ ಸ್ವಲ್ಪ ಅಂಟಾದ ನೀರು ಇರುತ್ತದೆ. ಬಂಡಿ ಗಾಲಿಗೆ ಎಣ್ಣೆ ಇದ್ದ ಹಾಗೆ ಕೀಲಿಗೆ ಆ ನೀರು. ಎಲುಬಿಗೆ ಎಲುಬು ಕಟ್ಟಿ ಹಿಡಿಯಲು ಗಟ್ಟಿ ಪಟ್ಟಿಗಳಿವೆ. ಎಳೆಯಲು ಮಾಂಸಖಂಡಗಳಿವೆ.

ಕೀಲು ಆಡಿದಷ್ಟೂ ಆ ನೀರು ಎಲ್ಲ ಕಡೆ ಹರಡುತ್ತದೆ. ಆಡದೆ ಬಿಟ್ಟರೆ ಕೀಲು ಬಿಗಿಯುತ್ತದೆ. ಬಳಸದ ಬಾಗಿಲ ಕೀಲು ತುಕ್ಕು ಹಿಡಿಯುವುದಿಲ್ಲವೆ? ಹಾಗೆ ಅಂದುಕೊಳ್ಳಿ.

ಒರಳು, ಬಾಗಿಲು, ಹೊಲಿಗೆ

ಎಲ್ಲ ಕೀಲು ಒಂದೇ ತರಹ ಇಲ್ಲ.

ಮೊಣಕೈ ನೋಡಿ. ಬಾಗಿಲಿನ ಹಾಗೆ ಒಂದೇ ದಿಕ್ಕಿನಲ್ಲಿ ಮುಚ್ಚುತ್ತದೆ, ತೆರೆಯುತ್ತದೆ. ಇದು ಬಿಜಾಗರಿ ಕೀಲು. ಮೊಣಕಾಲು, ಬೆರಳ ಗೆಣ್ಣು ಇದೇ ಜಾತಿ.

ಭುಜ ನೋಡಿ. ಮುಂದೆ ಹೋಗುತ್ತದೆ, ಹಿಂದೆ ಹೋಗುತ್ತದೆ, ಪಕ್ಕಕ್ಕೆ ಏಳುತ್ತದೆ, ಸುತ್ತ ತಿರುಗುತ್ತದೆ. ಇದು ಗುಂಡು ಮತ್ತು ಕುಳಿಯ ಕೀಲು. ತೋಳಿನ ಎಲುಬಿನ ತಲೆ ಗುಂಡಾಗಿದೆ. ಅದು ಒಂದು ಕುಳಿಯಲ್ಲಿ ಕೂತಿದೆ. ತೊಡೆಯ ಬುಡದಲ್ಲಿಯೂ ಇಂಥದೇ ಕೀಲು ಇದೆ. ಅಲ್ಲಿ ಕುಳಿ ಆಳ, ಆದ್ದರಿಂದ ಗಟ್ಟಿ. ಭುಜದಲ್ಲಿ ಕುಳಿ ಆಳವಿಲ್ಲ, ಆದ್ದರಿಂದ ಆಟ ಹೆಚ್ಚು. ಆಟ ಹೆಚ್ಚು ಇರುವ ಕೀಲಿಗೆ ತೊಂದರೆಯೂ ಹೆಚ್ಚು.

ಕುತ್ತಿಗೆಯ ಮೇಲ್ತುದಿಯಲ್ಲಿ ತಿರುಗುವ ಕೀಲು ಇದೆ. ಕುತ್ತಿಗೆಯಲ್ಲಿ 7 ಎಲುಬು. ನೀವು ತಲೆ ಆ ಕಡೆ ಈ ಕಡೆ ತಿರುಗಿಸಿ "ಒಲ್ಲೆ" ಅನ್ನುತ್ತೀರಲ್ಲ, ಆ ತಿರುಗಾಟದಲ್ಲಿ ಸುಮಾರು ಅರ್ಧ ಕೆಲಸ ಮೇಲಿನ ಎರಡು ಎಲುಬುಗಳದೇ.

ಈ ಜಾತಿಗಳನ್ನು ನಮ್ಮ ಹಿರಿಯರೂ ಗುರುತಿಸಿದ್ದರು. ಸುಶ್ರುತ ಸಂಹಿತೆ ಅಂತ ಒಂದು ಹಳೆಯ ಸಂಸ್ಕೃತ ವೈದ್ಯಗ್ರಂಥ ಇದೆ. ಅದು ಕೀಲಿಗೆ ಸಂಧಿ ಅನ್ನುತ್ತದೆ. ಮೈಯಲ್ಲಿ 210 ಸಂಧಿ ಎಂದು ಲೆಕ್ಕ ಹೇಳುತ್ತದೆ. ಅವನ್ನು 8 ಜಾತಿ ಮಾಡುತ್ತದೆ. ಹೆಸರು ಇಟ್ಟದ್ದು ಹೇಗೆ ಗೊತ್ತೆ? ಮನೆಯ ಸಾಮಾನು ನೋಡಿ! ತೊಡೆಯ ಬುಡದ ಕೀಲಿಗೆ, ಕಂಕುಳದ ಕೀಲಿಗೆ ಉಲೂಖಲ ಅಂದರು. ಉಲೂಖಲ ಅಂದರೆ ಒರಳು. ಒರಳ ಕುಳಿಯಲ್ಲಿ ಒನಕೆಯ ತುದಿ ಆಡಿದ ಹಾಗೆ ಎಲುಬು ಆಡುತ್ತದೆ. ತಲೆಬುರುಡೆಯ ಎಲುಬುಗಳು ಕೂಡಿದ ಕಡೆಗೆ ತುನ್ನಸೇವನಿ ಅಂದರು. ಅಂದರೆ ಬಟ್ಟೆಯ ಹೊಲಿಗೆ. ಆ ಕೀಲು ಆಡುವುದಿಲ್ಲ, ಹೊಲಿದಂತೆ ಕೂತಿರುತ್ತದೆ. ನೇಕಾರರ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕೆ?

ಹಾಗಾಗಿ, ಮೈಯ ಮಾತು ದೊಡ್ಡವರ ಮಾತು, ನಮಗೆ ತಿಳಿಯದು ಎಂದು ಅಂಜಬೇಡಿ. ಅದು ಒರಳು ಮತ್ತು ಹೊಲಿಗೆಯಿಂದ ಹುಟ್ಟಿದ ಮಾತು.

ಮೊದಲು ನೇರ ನಿಲ್ಲಿ

ಈಗ ಎಲ್ಲರೂ ಎದ್ದು ನಿಲ್ಲಿ. ಕಾಲು ಜೋಡಿಸಿ. ಮುಖ ಮುಂದೆ. ಕೈ ಕೆಳಗೆ ಬಿಡಿ. ಅಂಗೈ ಮುಂದಕ್ಕೆ ಕಾಣಲಿ.

ಜಗತ್ತಿನ ಎಲ್ಲ ಡಾಕ್ಟರರೂ ಲೆಕ್ಕ ಶುರು ಮಾಡುವುದು ಈ ನಿಲುವಿನಿಂದಲೇ. ಮಲಗಿದವರ ಮೈಯನ್ನೂ ಹೀಗೆ ನಿಂತಿದೆ ಎಂದುಕೊಂಡೇ ಹೇಳುತ್ತಾರೆ. ಬಲ ಅಂದರೆ ನಿಮ್ಮ ಬಲ. ನೋಡುವವರ ಬಲ ಅಲ್ಲ. ಇದನ್ನು ನೆನಪಿಡಿ.

ಮೊದಲು ಒಂದೊಂದು ದೇಶದಲ್ಲಿ ಒಂದೊಂದು ಹೆಸರು ಇತ್ತು. ಒಂದೇ ಅಂಗಕ್ಕೆ ಹತ್ತು ಹೆಸರು. ಡಾಕ್ಟರರಿಗೇ ಗೊಂದಲ ಆಗುತ್ತಿತ್ತು. 1895ರಲ್ಲಿ ಸ್ವಿಟ್ಜರ್‌ಲೆಂಡ್ ದೇಶದ ಬಾಸೆಲ್ ಎಂಬ ಊರಲ್ಲಿ ಪಂಡಿತರು ಸೇರಿದರು. ಲ್ಯಾಟಿನ್ ಭಾಷೆಯಲ್ಲಿ ಮೈಯ ಭಾಗಗಳಿಗೆ ಒಂದೇ ಹೆಸರಿನ ಪಟ್ಟಿ ಒಪ್ಪಿದರು. ಈಗಲೂ ದವಾಖಾನೆಯ ಚೀಟಿಯಲ್ಲಿ ಲ್ಯಾಟಿನ್‌ನಿಂದ ಬಂದ ಮಾತುಗಳೇ ಇರುತ್ತವೆ. ಆ ಮಾತುಗಳ ಹಿಂದೆ ಇರುವ ಕೆಲಸ ಮಾತ್ರ ನೀವು ದಿನಾ ಮಾಡುವ ಕೆಲಸ.

ಒಂದೊಂದಾಗಿ ನೋಡೋಣ.

1. ಮಡಚುವುದು, ಚಾಚುವುದು

ಮೊಣಕೈ ಮಡಚಿ. ಕೈ ಬಾಯಿಗೆ ಬಂತು. ಇದೇ ತುತ್ತು ಉಣ್ಣುವ ಚಲನೆ. ಡಾಕ್ಟರು ಇದಕ್ಕೆ ಫ್ಲೆಕ್ಷನ್ ಅನ್ನುತ್ತಾರೆ. ಈಗ ಕೈ ನೇರ ಚಾಚಿ. ಇದು ಎಕ್ಸ್‌ಟೆನ್ಷನ್.

ಮಡಚಿದಾಗ ಎರಡು ಎಲುಬಿನ ನಡುವಿನ ಮೂಲೆ ಸಣ್ಣದಾಗುತ್ತದೆ. ಚಾಚಿದಾಗ ದೊಡ್ಡದಾಗುತ್ತದೆ. ಗುರುತು ಇಷ್ಟೇ.

ಮಕ್ತಲ್ ಕಡೆ ನಾಟಿ ಮಾಡುವ ಅಕ್ಕಂದಿರು ಕೇಳಿ. ನೀವು ಕೆಸರಲ್ಲಿ ಬಗ್ಗಿದಾಗ ತೊಡೆಯ ಬುಡದ ಕೀಲು ಮಡಚುತ್ತದೆ, ನಡವೂ ಬಾಗುತ್ತದೆ. ನೆಟ್ಟಗೆ ಎದ್ದು ನಿಂತಾಗ ಚಾಚುತ್ತದೆ. ಇಡೀ ದಿನ ಮಡಚಿಯೇ ಇದ್ದರೆ ನಡ ಹಿಡಿಯುತ್ತದೆ. ಅದಕ್ಕೇ ಆಗಾಗ ಎದ್ದು, ನಡದ ಮೇಲೆ ಕೈ ಇಟ್ಟು, ಹಿಂದಕ್ಕೆ ಸ್ವಲ್ಪ ವಾಲುತ್ತೀರಿ. ಯಾರೂ ಕಲಿಸದೆ ನೀವೇ ಕಂಡುಕೊಂಡದ್ದು ಅದು. ಅದು ನಡದ ಎಕ್ಸ್‌ಟೆನ್ಷನ್.

ಮೊಣಕಾಲು ಕುಕ್ಕರಗಾಲಲ್ಲಿ ಪೂರ್ತಿ ಮಡಚುತ್ತದೆ. "ಮೊಣಕಾಲು ನೋಯ್ತದ" ಅನ್ನುವ ಬದಲು "ಕುಕ್ಕರಗಾಲಲ್ಲಿ ಕೂಡಾಕ ಬರಂಗಿಲ್ಲ, ಮಡಚೂದು ಅರ್ಧಕ್ಕೇ ನಿಲ್ತದ" ಎಂದು ಹೇಳಿ. ಎಷ್ಟು ವ್ಯತ್ಯಾಸ ಆಯಿತು ನೋಡಿ.

2. ದೂರ ಒಯ್ಯುವುದು, ಹತ್ತಿರ ತರುವುದು

ಕೈಯನ್ನು ಪಕ್ಕದಿಂದ ಮೇಲಕ್ಕೆ ಎತ್ತಿ. ಮೈಯಿಂದ ದೂರ ಹೋಯಿತು. ಇದು ಅಬ್ಡಕ್ಷನ್. ಕೆಳಗೆ ಇಳಿಸಿ ಮೈಗೆ ಹತ್ತಿ. ಇದು ಅಡಕ್ಷನ್.

ಈ ಎರಡು ಹೆಸರು ಕೇಳಲು ಒಂದೇ ತರಹ ಇವೆ, ಅಲ್ಲವೆ? ಡಾಕ್ಟರರಿಗೂ ಕಿವಿ ತಪ್ಪುತ್ತದೆ. ಅದಕ್ಕೇ ಬಹಳ ಜನ "ಎ-ಬಿ", "ಎ-ಡಿ" ಎಂದು ಅಕ್ಷರ ಬಿಡಿಸಿ ಹೇಳುತ್ತಾರೆ. ಒಂದು ಅಕ್ಷರ ತಪ್ಪಿದರೆ ಅರ್ಥ ಉಲ್ಟಾ! ಅಕ್ಷರದ ಬೆಲೆ ನಮಗೆ ಗೊತ್ತು, ಅವರಿಗೂ ಗೊತ್ತು. ನಾವು ಮಾತ್ರ ನಮ್ಮ ಮಾತಲ್ಲೇ ಹೇಳೋಣ: ದೂರ, ಹತ್ತಿರ.

ಬೆರಳು ಅಗಲಿಸಿ. ಇದೂ ದೂರ ಒಯ್ಯುವುದೇ. ಇಲ್ಲಿ ನಡುಬೆರಳಿನಿಂದ ದೂರ. ಬೆರಳು ಕೂಡಿಸಿ. ಹತ್ತಿರ.

ಚೊಚ್ಚಲ ಮಗುವನ್ನು ಸೊಂಟದ ಮೇಲೆ ಕೂಡಿಸಿಕೊಂಡಾಗ ಮಗುವಿನ ಎರಡೂ ತೊಡೆ ಅಗಲವಾಗಿರುತ್ತವೆ. ಅದೂ ದೂರ ಒಯ್ಯುವ ಚಲನೆಯೇ.

3. ಒಳಕ್ಕೆ ತಿರುಗುವುದು, ಹೊರಕ್ಕೆ ತಿರುಗುವುದು

ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿಯಿರಿ. ಮೊಣಕೈ ಮಡಚಿ, ಮುಂಗೈ ನೇರ ಮುಂದಕ್ಕೆ ಇರಲಿ. ಪುಸ್ತಕದ ಮೂಲೆಯ ಹಾಗೆ ಆಯಿತು. ಈಗ ಮೊಣಕೈ ಬಿಡದೆ, ಅಂಗೈಯನ್ನು ಹೊಟ್ಟೆಯ ಕಡೆ ತನ್ನಿ. ಭುಜದ ಕೀಲು ಒಳಕ್ಕೆ ತಿರುಗಿತು. ಈಗ ಅಂಗೈಯನ್ನು ಹೊರಗೆ ಒಯ್ಯಿರಿ. ಭುಜ ಹೊರಕ್ಕೆ ತಿರುಗಿತು. ಇವಕ್ಕೆ ರೊಟೇಷನ್ ಅನ್ನುತ್ತಾರೆ.

ಬೆನ್ನ ಹಿಂದೆ ಕೈ ಹಾಕಿ ರವಿಕೆಯ ಗುಂಡಿ ಹಾಕುವಾಗ ಭುಜ ಒಳಕ್ಕೆ ತಿರುಗುತ್ತದೆ. ಎರಡೂ ಕೈ ತಲೆ ಹಿಂದೆ ಒಯ್ದು ಹೆರಳು ಹಾಕುವಾಗ ಹೊರಕ್ಕೆ ತಿರುಗುತ್ತದೆ.

ಈ ಒಂದು ಚಲನೆ ಗಟ್ಟಿಯಾಗಿ ನೆನಪಿಡಿ. ಭುಜ ಹಿಡಿದುಕೊಳ್ಳುವ ಒಂದು ಕಾಯಿಲೆ ಇದೆ. ಫ್ರೋಜನ್ ಶೋಲ್ಡರ್ ಅನ್ನುತ್ತಾರೆ. ಅದು 40ರಿಂದ 60 ವರ್ಷದವರಲ್ಲಿ ಹೆಚ್ಚು. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೂ ಹೆಚ್ಚು. ಅದರಲ್ಲಿ ಸಾಮಾನ್ಯವಾಗಿ ಮೊದಲು ಕುಗ್ಗುವುದು ಹೊರಕ್ಕೆ ತಿರುಗುವ ಈ ಚಲನೆ. ಸಣ್ಣವ್ವನಿಗೆ ಆಗಿದ್ದೂ ಅದೇ. ಹೆರಳು ಹಾಕಲು ಕೈ ಹೋಗದ ದಿನವೇ ಮೈ ನಮಗೆ ಸುದ್ದಿ ಹೇಳಿತ್ತು. ನಮಗೆ ಆ ಸುದ್ದಿ ಓದಲು ಬರಲಿಲ್ಲ.

4. ತೀರ್ಥದ ಕೈ, ರೊಟ್ಟಿಯ ಕೈ

ಗುಡಿಯಲ್ಲಿ ತೀರ್ಥ ಹಿಡಿಯುವ ಹಾಗೆ ಅಂಗೈ ಮೇಲೆ ಮಾಡಿ. ಇದು ಸೂಪಿನೇಷನ್. ಈಗ ರೊಟ್ಟಿ ಬಡಿಯುವ ಹಾಗೆ ಅಂಗೈ ಕೆಳಗೆ ಮಾಡಿ. ಇದು ಪ್ರೊನೇಷನ್.

ಮೊಣಕೈಯಿಂದ ಮಣಿಕಟ್ಟಿನ ತನಕ ಎರಡು ಎಲುಬು ಇವೆ. ಅಂಗೈ ಮೇಲೆ ಇದ್ದಾಗ ಅವು ಪಕ್ಕಪಕ್ಕ ಇರುತ್ತವೆ. ಅಂಗೈ ಕೆಳಗೆ ಮಾಡಿದಾಗ ಒಂದು ಎಲುಬು ಇನ್ನೊಂದರ ಮೇಲೆ ದಾಟುತ್ತದೆ. ನೂಲಿನ ಎರಡು ಎಳೆ ಹೊಸೆದ ಹಾಗೆ. ಬಟ್ಟೆ ಹಿಂಡುವಾಗ, ಬೀಗ ತೆಗೆಯುವಾಗ, ಚೊಂಬಿನಿಂದ ನೀರು ಬಗ್ಗಿಸುವಾಗ ಈ ಚಲನೆ ಬೇಕು.

5. ಸುತ್ತು ತಿರುಗಿಸುವುದು

ಬೀಸುಕಲ್ಲು ತಿರುಗಿಸುವುದನ್ನು ನೆನೆಯಿರಿ. ರಾಟೆ ತಿರುಗಿಸುವುದನ್ನು ನೆನೆಯಿರಿ. ಕೈ ಮುಂದೆ, ಪಕ್ಕಕ್ಕೆ, ಹಿಂದೆ, ಮತ್ತೆ ಮುಂದೆ ಬರುತ್ತದೆ. ಇಷ್ಟೂ ಚಲನೆ ಒಂದರ ಬೆನ್ನಿಗೆ ಒಂದು ಸೇರಿ ಒಂದು ಸುತ್ತು ಆಗುತ್ತದೆ. ಗುಂಡು ಕೀಲು ಇದನ್ನು ಚೆನ್ನಾಗಿ ಮಾಡುತ್ತದೆ. ಬಾಗಿಲ ಜಾತಿಯ ಮೊಣಕೈ ಒಂದೇ ಇದ್ದರೆ ಆಗುವುದಿಲ್ಲ. ಹಾಗಾಗಿ ರಾಟೆ ತಿರುಗಿಸುವವರಿಗೆ ಭುಜ ಮುಖ್ಯ.

6. ಪಾದ

ಹಿಮ್ಮಡಿ ನೆಲಕ್ಕೆ ಊರಿ, ಪಾದದ ಮುಂಭಾಗ ಮೇಲೆತ್ತಿ. ಈಗ ಬೆರಳ ತುದಿಯಲ್ಲಿ ನಿಲ್ಲಿ. ಇವು ಪಾದ ಮೇಲೆ ಮಾಡುವುದು, ಪಾದ ಕೆಳಗೆ ಮಾಡುವುದು. ಕುಣಿ ಮಗ್ಗದಲ್ಲಿ ಕಾಲಡಿಯ ಮಣೆ ತುಳಿಯುವಾಗ ದಿನಕ್ಕೆ ಸಾವಿರಾರು ಸಲ ಪಾದ ಕೆಳಗೆ ಹೋಗುತ್ತದೆ, ಮೇಲೆ ಬರುತ್ತದೆ.

ಅಂಗಾಲು ಒಳಗಡೆ ಕಾಣುವ ಹಾಗೆ ಹೊರಳಿಸಿ. ಕಲ್ಲು ದಾರಿಯಲ್ಲಿ ಕಾಲು ಉಳುಕುವುದು ಹೆಚ್ಚಾಗಿ ಹೀಗೆ ಒಳಕ್ಕೆ ಹೊರಳಿದಾಗ. ಆಗ ನೋವು ಪಾದದ ಕೀಲಿನ ಹೊರಗಡೆ ಇರುತ್ತದೆ. "ಕಾಲು ಒಳಗ ಹೊರಳ್ತು, ನೋವು ಹೊರಗ ಅದ" ಅಂದರೆ ಡಾಕ್ಟರಿಗೆ ಅರ್ಧ ಕಥೆ ತಿಳಿಯಿತು.

7. ಹೆಬ್ಬೆರಳು

ಹೆಬ್ಬೆರಳ ತುದಿಯನ್ನು ಉಳಿದ ಬೆರಳ ತುದಿಗೆ ಒಂದೊಂದಾಗಿ ಮುಟ್ಟಿಸಿ. ಈ ಚಲನೆ ಬಹಳ ದೊಡ್ಡದು. ಇದು ಇದ್ದರೆ ಸೂಜಿ ಹಿಡಿಯಬಹುದು, ಎಳೆ ಕೂಡಿಸಬಹುದು, ಪೆನ್ನು ಹಿಡಿಯಬಹುದು.

ಗದ್ವಾಲದ ನಡಿಗಡ್ಡೆಯಲ್ಲಿ, ಅಂದರೆ ಕೃಷ್ಣಾ ಮತ್ತು ತುಂಗಭದ್ರಾ ನಡುವಿನ ಸೀಮೆಯಲ್ಲಿ, ಹತ್ತಿ ಬೀಜ ಬೆಳೆಯುತ್ತಾರೆ. ಅಲ್ಲಿಯ ಕೂಲಿಯ ಅಕ್ಕಂದಿರು ಸಂಜೆ ಮೊಗ್ಗಿನ ಗಂಡು ಭಾಗ ಬೆರಳಿಂದ ಬಿಡಿಸಿ ತೆಗೆಯುತ್ತಾರೆ. ಮರುದಿನ ಬೆಳಿಗ್ಗೆ ಬೇರೆ ಗಿಡದ ಹೂವಿನ ಪುಡಿ ಮುಟ್ಟಿಸುತ್ತಾರೆ. ಒಂದೊಂದು ಮೊಗ್ಗಿಗೂ ಹೆಬ್ಬೆರಳ ಬುಡ ಆಡಬೇಕು. ಅಲ್ಲಿ ನೋವು ಬಂದರೆ "ಬೆರಳು ನೋವು" ಎಂದು ನಿಲ್ಲಿಸಬೇಡಿ. "ಹೆಬ್ಬೆರಳ ಬುಡದಾಗ, ಚಿವುಟುವಾಗ ನೋಯ್ತದ" ಎಂದು ಹೇಳಿ.

ಈ ಹೆಬ್ಬೆರಳಿಂದಲೇ ನೀವು ಮೊದಲು ಸಹಿ ಬದಲು ಗುರುತು ಒತ್ತುತ್ತಿದ್ದಿರಿ. ಈಗ ಅದೇ ಹೆಬ್ಬೆರಳು ಪೆನ್ನು ಹಿಡಿದಿದೆ.

ತಾನೇ ಆಡುವುದು, ಆಡಿಸಿದರೆ ಆಡುವುದು

ಇದು ಇವತ್ತಿನ ಪಾಠದ ಗಂಟು.

ನಿಮ್ಮ ಕೈ ನೀವೇ ಎತ್ತಲು ಬರುತ್ತಿಲ್ಲ ಅಂದುಕೊಳ್ಳಿ. ಇನ್ನೊಬ್ಬರು ಮೆಲ್ಲಗೆ ಹಿಡಿದು ಎತ್ತಿದರೆ ಏಳುತ್ತದೆಯೆ? ಎದ್ದರೆ, ಕೀಲು ಆಡುತ್ತಿದೆ, ಎಳೆಯುವ ಮಾಂಸಖಂಡಕ್ಕೋ ನರಕ್ಕೋ ತೊಂದರೆ ಇರಬಹುದು. ಇನ್ನೊಬ್ಬರು ಎತ್ತಿದರೂ ಏಳದೆ ಅಲ್ಲೇ ತಡೆದರೆ, ಕೀಲೇ ಬಿಗಿದಿರಬಹುದು. ಎರಡಕ್ಕೂ ಔಷಧ ಬೇರೆ, ಆರೈಕೆ ಬೇರೆ. ಡಾಕ್ಟರು ಕೈ ಹಿಡಿದು ಆಡಿಸಿ ನೋಡುವುದು ಇದಕ್ಕೇ. ಅವರು ನೋಡುವಾಗ ಕೈ ಬಿಗಿ ಹಿಡಿಯಬೇಡಿ. ಸಡಿಲ ಬಿಡಿ. ನೋವು ಶುರುವಾದ ಕಡೆ "ಇಲ್ಲಿಗೆ" ಎಂದು ಹೇಳಿ.

ಮನೆಯಲ್ಲಿ ಯಾರೂ ಜೋರಾಗಿ ಎಳೆದು ನೋಡಬೇಡಿ. ಬಿದ್ದು ಪೆಟ್ಟಾದ ಕೈಕಾಲನ್ನಂತೂ ಎಳೆಯಲೇಬಾರದು.

ದವಾಖಾನೆಯಲ್ಲಿ ಐದು ಮಾತು

ದವಾಖಾನೆಗೆ ಹೋಗುವ ಮೊದಲು ಒಂದು ಚೀಟಿಯಲ್ಲಿ ಐದು ಮಾತು ಬರೆದುಕೊಳ್ಳಿ.

ಯಾವ ಕಡೆ? ಎಡವೋ ಬಲವೋ.
ಯಾವ ಕೀಲು? ಭುಜ, ಮೊಣಕೈ, ಮಣಿಕಟ್ಟು, ಮೊಣಕಾಲು.
ಯಾವ ಚಲನೆ? ಮಡಚುವುದು, ಚಾಚುವುದು, ದೂರ, ಹತ್ತಿರ, ತಿರುಗುವುದು.
ಯಾವ ಕೆಲಸ ನಿಂತಿತು? ಹೆರಳು, ರಾಟೆ, ನಾಟಿ, ಕುಕ್ಕರಗಾಲು.
ಎಂದಿನಿಂದ? ವಾರವೋ ತಿಂಗಳೋ.

ಸಕ್ಕರೆ ಕಾಯಿಲೆ ಇದ್ದರೆ ಅದನ್ನೂ ಬರೆಯಿರಿ.

ಇನ್ನೊಂದು ಮಾತು. ನಮ್ಮದು ಗಡಿ ಸೀಮೆ. ಮಕ್ತಲ್ ಕಡೆಯಿಂದ ಕೃಷ್ಣಾ ಹೊಳೆ ದಾಟಿದರೆ ರಾಯಚೂರು, ಅಲ್ಲಿ ಕನ್ನಡ. ಇಲ್ಲಿ ದವಾಖಾನೆಯಲ್ಲಿ ಹೆಚ್ಚಾಗಿ ತೆಲುಗು. ನಮ್ಮಲ್ಲಿ ಬಹಳ ಜನರಿಗೆ ಎರಡೂ ಬರುತ್ತವೆ. ಆದರೆ ಆ ಕಡೆಯಿಂದ ಹೊಸದಾಗಿ ಬಂದ ಸೊಸೆಗೆ ಡಾಕ್ಟರು "ಮೋಕಾಲು ವಂಚಂಡಿ" ಅಂದರೆ ಗಾಬರಿ! ನಮ್ಮ ಮಾತಲ್ಲಿ ವಂಚನೆ ಅಂದರೆ ಮೋಸ. ತೆಲುಗಿನಲ್ಲಿ ವಂಚು ಅಂದರೆ ಬಗ್ಗಿಸು. "ಮೊಣಕಾಲು ಬಗ್ಗಿಸಿ" ಎಂದು ಅವರು ಕೇಳಿದ್ದು. ಇನ್ನು "ಪೈಕಿ ಎತ್ತಂಡಿ" ಅಂದರೆ ಮೇಲಕ್ಕೆ ಎತ್ತಿ.

ಕೆಲವು ಮಾತು ಎರಡೂ ಕಡೆ ಒಂದೇ: ಕೀಲು, ಮಣಿಕಟ್ಟು, ಎತ್ತು, ಚಾಚು. ಕೆಲವು ಹತ್ತಿರ: ಭುಜಕ್ಕೆ ಭುಜಂ, ನಡಕ್ಕೆ ನಡುಮು. ಕೆಲವು ಬೇರೆ: ಕುತ್ತಿಗೆಗೆ ಮೆಡ, ಮೊಣಕೈಗೆ ಮೋಚೇಯಿ, ಹಿಮ್ಮಡಿಗೆ ಮಡಮ, ತಿರುಗಿಸುಗೆ ತಿಪ್ಪು, ನೋವಿಗೆ ನೊಪ್ಪಿ. ಇಷ್ಟು ಬಂದರೆ ಸಾಕು. ಅದೂ ಬರದಿದ್ದರೆ ನಾಚಬೇಡಿ. ಕೈ ಆಡಿಸಿ ತೋರಿಸಿ, ಎಲ್ಲಿ ನಿಲ್ಲುತ್ತದೆ ಎಂದು ತೋರಿಸಿ. ಆ ಭಾಷೆ ಎಲ್ಲರಿಗೂ ತಿಳಿಯುತ್ತದೆ.

ಸಣ್ಣವ್ವ ಓದಿದ ಅಂಕಿ

ಸಣ್ಣವ್ವನ ಕಥೆ ಅರ್ಧಕ್ಕೇ ಬಿಟ್ಟಿದ್ದೆ.

ಎರಡನೆಯ ಸಲ ನಾವು ಬೇರೆ ಡಾಕ್ಟರರ ಹತ್ತಿರ ಹೋದೆವು. ಈ ಸಲ ಸಣ್ಣವ್ವನೇ ಹೇಳಿದಳು: "ಬಲ ಭುಜರಿ. ಪಕ್ಕಕ್ಕ ಎತ್ತಾಕ ಬರಂಗಿಲ್ಲ. ಹೊರಗ ತಿರುಗಂಗಿಲ್ಲ. ಬ್ಯಾರೆಯವರು ಎತ್ತಿದ್ರೂ ಏಳಂಗಿಲ್ಲ. ಹೆರಳು ಹಾಕಾಕ ಆಗವಲ್ದು. ಏಳು ತಿಂಗಳಾತು." ಡಾಕ್ಟರು ತಲೆ ಎತ್ತಿ ನೋಡಿದರು. ಎದ್ದು ಬಂದು ಕೈ ಹಿಡಿದು ನೋಡಿದರು. ರಕ್ತ ತೆಗೆಸಿ ಸಕ್ಕರೆ ನೋಡಿಸಿದರು. ಸಕ್ಕರೆ ಇತ್ತು! ಅದೂ ನಮಗೆ ಗೊತ್ತಿರಲಿಲ್ಲ. ಅದಕ್ಕೆ ಗುಳಿಗೆ ಶುರುವಾಯಿತು. ಭುಜಕ್ಕೆ ವ್ಯಾಯಾಮ ಕಲಿಸುವವರ ಹತ್ತಿರ ಕಳಿಸಿದರು.

ಅವರು ಒಂದು ಅಳತೆಪಟ್ಟಿ ಇಟ್ಟು ಅಳೆದರು. ಕೈ ಮೈಗೆ ಹತ್ತಿದ್ದರೆ ಸೊನ್ನೆ. ಪಕ್ಕಕ್ಕೆ ಭುಜದ ಮಟ್ಟಕ್ಕೆ ಎತ್ತಿದರೆ 90 ಡಿಗ್ರಿ. ಪೂರಾ ಮೇಲೆ, ಕಿವಿಗೆ ಹತ್ತಿದರೆ 180 ಡಿಗ್ರಿ. ಸಣ್ಣವ್ವನದು 60.

ದಿನಾ ವ್ಯಾಯಾಮ ಮಾಡಿದಳು. ಬೆರಳಿನಿಂದ ಗೋಡೆ ಹತ್ತುವುದು. ಕೋಲು ಹಿಡಿದು ಕೈ ಹೊರಕ್ಕೆ ತಿರುಗಿಸುವುದು. ಎಷ್ಟೋ ದಿನ ಅತ್ತಳು. "ಸಾಕವ್ವ" ಅಂದಳು. ಈ ಕಾಯಿಲೆ ಬೇಗ ಬಿಡುವುದಿಲ್ಲ, ಒಂದರಿಂದ ಮೂರು ವರ್ಷ ಹಿಡಿಯಬಹುದು ಎಂದು ಮೊದಲೇ ಹೇಳಿದ್ದರು.

ಅದೇ ಹೊತ್ತಿಗೆ ಸಣ್ಣವ್ವ ನಮ್ಮ ಕೇಂದ್ರಕ್ಕೂ ಬರುತ್ತಿದ್ದಳು. ಅಂಕಿ ಕಲಿತಿದ್ದಳು. ಒಂದು ದಿನ ದವಾಖಾನೆಯ ಚೀಟಿ ನನ್ನ ಕೈಗೆ ಕೊಡಲಿಲ್ಲ. ತಾನೇ ಹಿಡಿದು ಓದಿದಳು: "ತೊಂಬತ್ತು." ಆಮೇಲೆ ಹಳೆಯ ಚೀಟಿ ತೆಗೆದು ಓದಿದಳು: "ಅರವತ್ತು." ಎರಡೂ ಚೀಟಿ ಪಕ್ಕದಲ್ಲಿ ಇಟ್ಟು, ಬೆರಳಿಂದ ಎಣಿಸಿ, "ಮೂವತ್ತು ಹೆಚ್ಚಾಗ್ಯಾದ" ಅಂದಳು. ಅವತ್ತಿನಿಂದ ವ್ಯಾಯಾಮ ಮಾಡು ಎಂದು ಯಾರೂ ಹೇಳಬೇಕಾಗಲಿಲ್ಲ.

ಈಗ 140 ತನಕ ಏಳುತ್ತದೆ. ಪೂರಾ 180 ಆಗಿಲ್ಲ. ಆದರೆ ಹೆರಳು ತಾನೇ ಹಾಕಿಕೊಳ್ಳುತ್ತಾಳೆ. ರಾಟೆ ಮತ್ತೆ ತಿರುಗುತ್ತಿದೆ. ಮೊದಲ ಸಲವೇ ಸರಿಯಾಗಿ ಹೇಳಿದ್ದರೆ ಆ ಏಳು ತಿಂಗಳು ಉಳಿಯುತ್ತಿತ್ತು. ಸಕ್ಕರೆಯೂ ಮೊದಲೇ ಸಿಗುತ್ತಿತ್ತು. ಈ ಮಾತು ನನ್ನ ಮನಸ್ಸಿಗೆ ಈಗಲೂ ಹತ್ತುತ್ತದೆ. ನಿಮಗೆ ಹಾಗೆ ಆಗಬಾರದು ಎಂದೇ ಇದನ್ನು ಹೇಳಿದೆ.

ಎಚ್ಚರ

ಕೆಲವು ಸಲ ಚೀಟಿ ಬರೆಯುತ್ತಾ ಕೂಡಬಾರದು. ಕೂಡಲೇ ದವಾಖಾನೆಗೆ ಹೋಗಬೇಕು.

ಬಿದ್ದ ಮೇಲೆ ಕೈಕಾಲು ಸೊಟ್ಟಾಗಿದ್ದರೆ.
ಕೀಲು ಕೆಂಪಾಗಿ, ಬಿಸಿಯಾಗಿ, ಊದಿ, ಜ್ವರ ಬಂದಿದ್ದರೆ.
ಇದ್ದಕ್ಕಿದ್ದಂತೆ ಒಂದು ಕಡೆಯ ಕೈಕಾಲು ಬಲ ಕಳೆದುಕೊಂಡು, ಬಾಯಿ ಸೊಟ್ಟಾಗಿ, ಮಾತು ತೊದಲಿದರೆ. ಇದು ಕೀಲಿನದಲ್ಲ, ಮೆದುಳಿನದು.
ಎದೆ ನೋವಿನ ಜೊತೆ ತೋಳು ನೋಯ್ದು ಬೆವರು ಬಂದರೆ. ಇದು ಹೃದಯದ್ದು ಇರಬಹುದು.

108ಕ್ಕೆ ಫೋನು ಮಾಡಿ.

ನೀವೇ ಮಾಡಿ, ಬರೆಯಿರಿ

1. ಇವತ್ತು ಬೆಳಿಗ್ಗೆಯಿಂದ ಮಾಡಿದ ಮೂರು ಕೆಲಸ ಬರೆಯಿರಿ. ಪ್ರತಿಯೊಂದರಲ್ಲಿ ಯಾವ ಕೀಲು ಹೇಗೆ ಆಡಿತು ಬರೆಯಿರಿ.

2. ಮನೆಯ ಹಿರಿಯರನ್ನು ಎದುರು ನಿಲ್ಲಿಸಿ. ಎರಡೂ ಕೈ ಮೇಲೆತ್ತಲು ಹೇಳಿ. ಎರಡೂ ಸಮ ಏಳುತ್ತವೆಯೆ? ಹೆರಳು ಹಾಕುವ ಹಾಗೆ ತಲೆ ಹಿಂದೆ ಕೈ ಒಯ್ಯಲು ಹೇಳಿ. ಬರುತ್ತದೆಯೆ? ಬರದಿದ್ದರೆ ಐದು ಮಾತಿನ ಚೀಟಿ ಬರೆಯಿರಿ. ಚೀಟಿ ಮನೆಯಲ್ಲಿ ಇಡಬೇಡಿ. ಅವರ ಜೊತೆ ದವಾಖಾನೆಗೆ ಒಯ್ಯಿರಿ.

3. ಖಾಲಿ ಜಾಗ ತುಂಬಿ: ತೀರ್ಥ ಹಿಡಿಯುವಾಗ ಅಂಗೈ ______. ಕುಕ್ಕರಗಾಲಲ್ಲಿ ಮೊಣಕಾಲು ______. ಕೈ ಪಕ್ಕಕ್ಕೆ ಎತ್ತಿದರೆ ಮೈಯಿಂದ ______.

ಹೊಸ ಪದ: ಕೀಲು, ಚಲನೆ, ಮಣಿಕಟ್ಟು, ಅಂಗಾಲು, ವ್ಯಾಯಾಮ.

ಮುಂದಿನ ವಾರ ನಿಮ್ಮ ಚೀಟಿ ತನ್ನಿ. ಒಬ್ಬೊಬ್ಬರೂ ಎದ್ದು ನಿಂತು ಓದೋಣ.